ಸಿಹಿಬೇವು ಮತ್ತು ಇರುವೆ ಸಾಲು

ಗುಜರಾತಿನಲ್ಲಿ ಬೇವಿಗೆ ಲೀಮಡೋ ಎನ್ನುತ್ತಾರೆ. ಕರಿಬೇವು ಮೀಠೋ ಲೀಮಡೋ, ಅಂದರೆ ಸಿಹಿಬೇವು. ನಮಗೆ ಕಪ್ಪಾಗಿ ಕಂಡದ್ದು ಇವರಿಗೆ ಸಿಹಿಯಾಗಿದೆ!

ಐಟಿ ಕೆಲಸದ ಬೆನ್ನು ಹತ್ತಿ ಅಹಮದಾಬಾದ್, ವಡೋದರಾ, ಸೂರತ್ ಎಂದು ಮನೆ ಬದಲಿಸುವಾಗಲೆಲ್ಲ ನನ್ನ ಜೊತೆ ಕರಿಬೇವಿನ ಕುಂಡವೊಂದು ಬಂದಿದೆ. ಸಾಗರದ ನಮ್ಮ ಹಿತ್ತಿಲಿನ ಮರದ ಬುಡದಿಂದ ಕಿತ್ತು ತಂದ ಮರಿ ಅದು. ಆ ಮನೆ ಈಗ ಬೇರೆಯವರದು. ಹಿತ್ತಿಲಿನದೆಂದು ನನಗೆ ಉಳಿದದ್ದು ಈ ಗಿಡ ಮಾತ್ರ.

ಅಹಮದಾಬಾದಿನ ಎರಡನೆಯ ಬೇಸಿಗೆಯಲ್ಲಿ ಅದರ ಕಾಂಡದ ಮೇಲೆ ಕಂದು ಹುರುಪೆಗಳೆದ್ದವು. ಎಲೆ ಅಂಟಂಟಾಗಿ ಕಪ್ಪು ಮಸಿ ಹಿಡಿಯಿತು. ಅದು ಶಲ್ಕ ಕೀಟ. ಕೂತಲ್ಲೇ ಕೂತು ರಸ ಹೀರುತ್ತದೆ. ಬೆನ್ನ ಮೇಲಿನ ಚಿಪ್ಪಿನಿಂದಾಗಿ ಔಷಧ ಸುಲಭಕ್ಕೆ ತಾಗದು. ಒಗ್ಗರಣೆಗೆ ಹಾಕುವ ಎಲೆಗೆ ವಿಷ ಹೊಡೆಯಲು ಮನಸ್ಸೂ ಬರಲಿಲ್ಲ.

ದಾರಿ ಸಿಕ್ಕಿದ್ದು ವಡೋದರಾದಲ್ಲಿ. 1879ರಲ್ಲಿ ಮೂರನೇ ಸಯಾಜಿರಾವ್ ಗಾಯಕವಾಡರು ಮಾಡಿಸಿದ ಸಯಾಜಿಬಾಗ್ ಉದ್ಯಾನದಲ್ಲಿ ಒಂದು ಭಾನುವಾರ ಮಾಲಿಯೊಬ್ಬರನ್ನು ಕೇಳಿದೆ. "ಸಾಹೇಬ್, ಹುಳ ಆಮೇಲೆ, ಮೊದಲು ಕೀಡಿ ನೋಡಿ" ಎಂದರು. ಕೀಡಿ ಎಂದರೆ ಇರುವೆ.

ಶಲ್ಕ ಕೀಟ ಸಿಹಿ ದ್ರವ ಸೂಸುತ್ತದೆ. ಇರುವೆ ಅದನ್ನು ಕುಡಿಯುತ್ತದೆ, ಬದಲಿಗೆ ಅದನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನೂ ಸಣ್ಣ ಕಣಜಗಳನ್ನೂ ಓಡಿಸುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಈ ಜೋಡಿ ಹಳೆಯ ಪರಿಚಯ. ಕಾವಲು ತೆಗೆದರೆ ಉಳಿದದ್ದನ್ನು ಗುಲಗಂಜಿ ಹುಳುವೇ ನೋಡಿಕೊಳ್ಳುತ್ತದೆ.

ಕಾಂಡಕ್ಕೆ ಬಟ್ಟೆಪಟ್ಟಿ ಸುತ್ತಿ, ಅದರ ಮೇಲೆ ಹರಳೆಣ್ಣೆ ದಪ್ಪಗೆ ಬಳಿದೆ. ದೇಶದಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ರಾಜ್ಯವಿದು, ಎಣ್ಣೆಗೆ ಬರವಿಲ್ಲ. ತೊಗಟೆಗೇ ಬಳಿದರೆ ಗಿಡಕ್ಕೆ ತೊಂದರೆ, ಅದಕ್ಕೇ ಬಟ್ಟೆ. ಕುಂಡದ ಸುತ್ತ ಚಕ್ಕೆಪುಡಿ ಉದುರಿಸಿದೆ. ಅದರ ಘಾಟಿಗೆ ಇರುವೆ ಸಾಲು ಚದುರುತ್ತದೆ. ಗ್ರಿಲ್ಲಿಗೆ ತಾಗಿದ್ದ ಕೊಂಬೆಗಳನ್ನು ಕತ್ತರಿಸಿದೆ, ಇಲ್ಲವಾದರೆ ಅದೇ ಸೇತುವೆ. ಹಳೆಯ ಹುರುಪೆಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದೆ.

ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಎಣ್ಣೆಗೆ ದೂಳು ಕೂತರೆ ಇರುವೆ ಅದರ ಮೇಲೇ ನಡೆದು ಹೋಗುತ್ತದೆ, ಚಕ್ಕೆಯ ಘಾಟು ಬೇಗ ಇಳಿಯುತ್ತದೆ. ಸೂರತ್ತಿನ ಮಳೆಗಾಲದಲ್ಲಂತೂ ಪ್ರತಿ ಭಾನುವಾರ ಹೊಸದಾಗಿ ಹಚ್ಚುತ್ತೇನೆ.

ಗುಲಗಂಜಿ ಹುಳುಗಳು ತಾವಾಗಿಯೇ ಬಂದವು. ಈ ವರ್ಷ ಬುಡದಲ್ಲಿ ಎರಡು ಮರಿಗಳೂ ಎದ್ದಿವೆ. ಒಂದು ಪಕ್ಕದ ಮನೆಯ ಬಾ ಅವರಿಗೆ. ಇನ್ನೊಂದು, ಸೂರತ್ತಿಗೆ ಹೊಸದಾಗಿ ಬಂದ ಕನ್ನಡಿಗರು ಯಾರು ಮೊದಲು ಕೇಳುತ್ತಾರೋ ಅವರಿಗೆ.