ಬೆನ್ನು, ಬ್ಯಾಟರಿ, ಬಿಡುವು: ಅಥಣಿ ಸೀಮೆಯ ಗೋದಾಮುಗಳಲ್ಲಿ ಭಾರ ಎತ್ತುವ ಕಸುಬು

ಕೃಷ್ಣೆಯ ಎರಡೂ ದಂಡೆಗಳಿಗೆ ಹಬ್ಬಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಒಕ್ಕಲುತನವು ವರ್ಷಕ್ಕೊಮ್ಮೆ ಕೈಗೆ ಬಂದು ವರ್ಷವಿಡೀ ಮಾರಾಟವಾಗುವ ಬೆಳೆಗಳ ಮೇಲೆ ನಿಂತಿರುವುದರಿಂದ, ಬೆಳೆಯುವ ಕಸುಬಿನಷ್ಟೇ ಕೂಡಿಡುವ ಕಸುಬೂ ಈ ಸೀಮೆಯಲ್ಲಿ ಹಳೆಯದು. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿಕೊಂಡ ಮೇಲೆ ಸಕ್ಕರೆಯ ಚೀಲ, ನಿಪ್ಪಾಣಿಯಲ್ಲಿ ಬೀಡಿ ತಂಬಾಕಿನ ಚೀಲ, ಸಾಂಗಲಿಯ ಪೇಟೆಗೆ ಹೋಗುವ ಅರಿಶಿಣದ ಚೀಲ, ಈಚಿನ ದಶಕಗಳಲ್ಲಿ ಅಥಣಿಯ ಪೂರ್ವ ಭಾಗದ ಒಣದ್ರಾಕ್ಷಿಯ ಪೆಟ್ಟಿಗೆ, ಹೀಗೆ ಒಂದಾದ ಮೇಲೊಂದು ಸರಕು ಗೋದಾಮು ಸೇರುತ್ತ ಬಂದಿತು. ಇವನ್ನು ಎತ್ತಿ, ಹೊತ್ತು, ಒಟ್ಟಿ, ಮತ್ತೆ ಇಳಿಸುವ ಕೆಲಸವು ಹಮಾಲರ ಬೆನ್ನಿನಿಂದ ಬ್ಯಾಟರಿಯ ಲಿಫ್ಟ್ ಟ್ರಕ್ಕಿಗೆ ಸಾಗಿದ್ದನ್ನು ಕಣ್ಣಾರೆ ಕಂಡ ತಲೆಮಾರು ಇನ್ನೂ ಇದೆ. ಆ ತಲೆಮಾರಿನ ನೆನಪನ್ನೂ ಯಂತ್ರದ ಒಳಗಿನ ಕ್ರಮವನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಈ ಬದಲಾವಣೆಯು ಭಾರದ ಪ್ರಶ್ನೆಯಾಗಿದ್ದಷ್ಟೇ ಬಿಡುವಿನ ಪ್ರಶ್ನೆಯೂ ಆಗಿತ್ತೆಂಬುದು ತಿಳಿಯುತ್ತದೆ.

ಕೂಡಿಡುವ ಜಾಗದ ಸ್ವರೂಪವೇ ಎತ್ತುವ ಬಗೆಯನ್ನು ನಿರ್ಧರಿಸುತ್ತಿತ್ತು. ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದಡಿಯ ಕಣಜದಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದ ಕಾಲದಲ್ಲಿ ಸರಕು ಕೆಳಗಿಳಿಯುತ್ತಿತ್ತೇ ಹೊರತು ಮೇಲೇರುತ್ತಿರಲಿಲ್ಲ. ಸಾಂಗಲಿಯ ಪಕ್ಕದ ಹರಿಪುರದಲ್ಲಿ ಅರಿಶಿಣವನ್ನೂ ಇಂಥದೇ ನೆಲದಡಿಯ ಗುಂಡಿಗಳಲ್ಲಿ ಇಡುತ್ತಿದ್ದರು, ಅವಕ್ಕೆ ಅಲ್ಲಿ ‘ಪೇವ’ ಎಂದು ಹೆಸರು. 2005ರ ಮಹಾಪೂರವು ಆ ಗುಂಡಿಗಳಲ್ಲಿ ಬಹಳಷ್ಟನ್ನು ಕೆಡಿಸಿದ ಮೇಲೆ ಅರಿಶಿಣವು ನೆಲದ ಮೇಲಿನ ಗೋದಾಮುಗಳಿಗೂ ಶೀತಲಗೃಹಗಳಿಗೂ ಹೆಚ್ಚು ಹೆಚ್ಚಾಗಿ ಬಂದಿತು. ನೆಲದಡಿಯಿಂದ ವಖಾರಿಗೆ, ವಖಾರಿಯಿಂದ ಎತ್ತರದ ಗೋದಾಮಿಗೆ ಸರಕು ಏರಿದಂತೆಲ್ಲ ಅದನ್ನು ಏರಿಸುವವರ ಹೊರೆಯೂ ಏರಿತು.

ಆ ಹೊರೆಯನ್ನು ಬಹುಕಾಲ ಹೊತ್ತವರು ಹಮಾಲರು. ಇಬ್ಬರು ಕೈಕೊಕ್ಕೆಯಿಂದ ಚೀಲವನ್ನೆತ್ತಿ ಮೂರನೆಯವನ ಬೆನ್ನಿಗೆ ಹಾಕುವುದು, ಅವನು ಓರೆಯಾಗಿ ಚಾಚಿದ ಹಲಗೆಯ ಮೇಲೆ ಹೆಜ್ಜೆಯ ಲಯ ತಪ್ಪದಂತೆ ಏರಿ ಥಪ್ಪಿಯ, ಎಂದರೆ ಚೀಲಗಳ ಒಟ್ಟಲಿನ ತುದಿಯಲ್ಲಿ ಚೀಲವನ್ನು ಕೊಡವುವುದು, ಥಪ್ಪಿ ಹಚ್ಚುವವನು ಒಂದು ವರಸೆಯನ್ನು ಉದ್ದಕ್ಕೂ ಮುಂದಿನದನ್ನು ಅಡ್ಡಕ್ಕೂ ಇಟ್ಟು ಒಟ್ಟಲು ವಾಲದಂತೆ ಕಟ್ಟುವುದು, ಇದಿಷ್ಟೂ ಕೂಡಿ ಒಂದು ಕಸುಬಾಗಿತ್ತು. ಸಕ್ಕರೆಯ ಚೀಲ ಮೊದಲಿಗೆ 100 ಕಿಲೋ ತೂಗುತ್ತಿತ್ತು. ಅದು 50 ಕಿಲೋಗೆ ಇಳಿದದ್ದು ಎಷ್ಟೋ ಕಾಲದ ನಂತರ. ಮೀಟರ್‌ಗೇಜ್ ಮತ್ತು ಬ್ರಾಡ್‌ಗೇಜ್ ಹಳಿಗಳು ಸಂಧಿಸುತ್ತಿದ್ದ ಮೀರಜದಲ್ಲಿ, 1990ರ ದಶಕದಲ್ಲಿ ಲೋಂಡಾ ಮಾರ್ಗ ಬ್ರಾಡ್‌ಗೇಜ್ ಆಗುವವರೆಗೂ, ಉಗಾರ, ಶೇಡಬಾಳ, ಕುಡಚಿ, ರಾಯಬಾಗಗಳ ಕಡೆಯಿಂದ ಹೋದ ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕಲೇಬೇಕಿತ್ತು. ಕೂಲಿಯ ಲೆಕ್ಕ ಚೀಲಕ್ಕಿಷ್ಟು ಎಂದಿದ್ದುದರಿಂದ ದುಡಿಮೆಗೆ ಗಂಟೆಯ ಮಿತಿಯೇ ಇರುತ್ತಿರಲಿಲ್ಲ. ಮಹಾರಾಷ್ಟ್ರವು 1969ರಲ್ಲಿ ಮಾಥಾಡಿ (ತಲೆಹೊರೆಯ) ಮತ್ತು ಹಮಾಲ ಕಾರ್ಮಿಕರಿಗಾಗಿ ಪ್ರತ್ಯೇಕ ಕಾನೂನು ತಂದು ಅವರ ನೋಂದಣಿಗೆ, ಕೂಲಿಗೆ, ಭವಿಷ್ಯ ನಿಧಿಗೆ ಮಂಡಳಿಗಳನ್ನು ಕಟ್ಟಿತಾದರೂ, ಕೆಲವೇ ಮೈಲಿಗಳ ಆಚೆಯಿದ್ದ ಆ ಕಾನೂನು ಗಡಿ ದಾಟಿ ಈಚೆಗೆ ಬರಲಿಲ್ಲ.

ಲಿಫ್ಟ್ ಟ್ರಕ್ ಅಥವಾ ಫೋರ್ಕ್‌ಲಿಫ್ಟ್ ಎಂದರೆ ಎರಡು ಉಕ್ಕಿನ ಕೋಡುಗಳನ್ನು ನೆಟ್ಟನೆಯ ಕಂಬದ ಮೇಲೆ ಎಣ್ಣೆಯ ಒತ್ತಡದಿಂದ ಏರಿಸಿ ಇಳಿಸುವ ಗಾಡಿ. ಸರಕನ್ನು ಮೊದಲು ‘ಪ್ಯಾಲೆಟ್’ ಎಂಬ ಮರದ ಚೌಕಿಯ ಮೇಲೆ ಜೋಡಿಸಿ, ಕೋಡುಗಳನ್ನು ಅದರ ಅಡಿಗೆ ತೂರಿಸಿ, ಚೌಕಿಸಮೇತ ಎತ್ತುವುದು ಅದರ ಪದ್ಧತಿ. ಅಮೆರಿಕದಲ್ಲಿ ಇಂಥ ಗಾಡಿಗಳು ಒಂದನೆಯ ಮಹಾಯುದ್ಧದ ಹೊತ್ತಿಗೆ ರೂಪ ತಳೆದವು, ಭಾರತದಲ್ಲಿ 1960ರ ದಶಕದಿಂದ ಗೋದ್ರೆಜ್, ವೋಲ್ಟಾಸ್‌ನಂಥ ಕಂಪನಿಗಳು ಇವನ್ನು ತಯಾರಿಸತೊಡಗಿದವು. ಅಥಣಿ ಸೀಮೆಯಲ್ಲಿ ಬ್ಯಾಟರಿಯ ಗಾಡಿಗೆ ನಿಜವಾದ ಕಾರಣ ಒದಗಿಸಿದ್ದು ಒಣದ್ರಾಕ್ಷಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಬಲೆ ಹೊದಿಸಿದ ಶೆಡ್ಡುಗಳಲ್ಲಿ ಎರಡು ವಾರದ ಆಸುಪಾಸು ಒಣಗಿಸಿ, 15 ಕಿಲೋದ ಪೆಟ್ಟಿಗೆಗಳಲ್ಲಿ ತುಂಬಿ, ಬಣ್ಣ ಕಪ್ಪಾಗದಂತೆ 4–5 ಡಿಗ್ರಿಯ ಶೀತಲಗೃಹದಲ್ಲಿ ಇಡುವುದು ವಾಡಿಕೆ. ಹೀಗೆ ಬಾಗಿಲು ಮುಚ್ಚಿದ ತಣ್ಣನೆಯ ಕೋಣೆಯೊಳಗೆ, ತಿನ್ನುವ ಪದಾರ್ಥದ ನಡುವೆ, ಡೀಸೆಲ್ ಹೊಗೆಯ ಗಾಡಿಗೆ ಜಾಗವಿರಲಿಲ್ಲ. ಬ್ಯಾಟರಿಯ ಗಾಡಿಯೇನೋ ಹೊಗೆ ಉಗುಳುತ್ತಿರಲಿಲ್ಲ, ಆದರೆ ಅದು ಬರುವ ಮೊದಲೇ ನೆಲ ಬದಲಾಗಬೇಕಿತ್ತು. ಹಮಾಲನ ಪಾದವು ಕಡಪಾ ಕಲ್ಲಿನ ಏರುತಗ್ಗುಗಳನ್ನು ತಾನೇ ಸರಿದೂಗಿಸಿಕೊಳ್ಳುತ್ತಿತ್ತು, ಟ್ರಕ್ಕಿನ ಚಿಕ್ಕ ಗಾಲಿಗಳಿಗೆ ಸಪಾಟಾದ ಕಾಂಕ್ರೀಟು ಬೇಕೇ ಬೇಕಾಯಿತು.

ಈ ಗಾಡಿಯ ಜೀವ ಇರುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯಲ್ಲಿ. ಒಂದು ಕೋಶ 2 ವೋಲ್ಟ್ ಕೊಡುತ್ತದೆ. 24 ಕೋಶಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್ ಆಗುತ್ತದೆ, ಒಂದೂವರೆ ಟನ್ ಎತ್ತುವ ಗಾಡಿಗಳಲ್ಲಿ ಇದೇ ಸಾಮಾನ್ಯ. ಮುಕ್ಕಾಲು ಟನ್ನಿನ ಆಸುಪಾಸು ತೂಗುವ ಈ ಪೆಟ್ಟಿಗೆ ಮುಂದಿನ ಭಾರಕ್ಕೆ ಹಿಂದಿನಿಂದ ಎದುರುತೂಕವಾಗಿಯೂ ನಿಲ್ಲುವುದರಿಂದ, ಕಾರಿನಲ್ಲಿ ದೋಷವೆನಿಸುವ ಸೀಸದ ಭಾರ ಇಲ್ಲಿ ಗುಣವೆನಿಸಿತು. 48 ವೋಲ್ಟಿನ 500 ಆಂಪಿಯರ್-ಗಂಟೆಯ ಬ್ಯಾಟರಿ 24 ಯೂನಿಟ್ ವಿದ್ಯುತ್ತನ್ನು ಹಿಡಿದಿಡುತ್ತದೆ. ಒಂದು ಟನ್ ಸರಕನ್ನು 4 ಮೀಟರ್ ಎತ್ತಲು ಬೇಕಾದ ಶಕ್ತಿಯನ್ನು ಲೆಕ್ಕಹಾಕಿದರೆ, ಒಂದೇ ಯೂನಿಟ್ಟಿನಲ್ಲಿ ಸುಮಾರು 90 ಸಲ ಎತ್ತಬಹುದು. ವಾಸ್ತವದಲ್ಲಿ ಅಷ್ಟಾಗುವುದಿಲ್ಲ, ಏಕೆಂದರೆ ಹೆಚ್ಚಿನ ಪಾಲು ಗಾಡಿಯು ತನ್ನ ಮೈಭಾರವನ್ನೇ ಅತ್ತಿಂದಿತ್ತ ಒಯ್ಯುವುದರಲ್ಲಿ ಮತ್ತು ಎಣ್ಣೆಯ ಪಂಪು ಕಾಯುವುದರಲ್ಲಿ ಕರಗುತ್ತದೆ. ಚೀಲದ ಜೊತೆಗೆ ತನ್ನ ದೇಹವನ್ನೂ ಹಲಗೆಯೇರಿಸುತ್ತಿದ್ದ ಹಮಾಲನ ಲೆಕ್ಕವೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಭಿನ್ನವಾಗಿದ್ದುದು ಬಿಡುವಿನ ಲೆಕ್ಕ. ಸೀಸದ ಬ್ಯಾಟರಿಗೆ ಎಂಟು ಗಂಟೆ ದುಡಿಮೆ, ಎಂಟು ಗಂಟೆ ಚಾರ್ಜು, ಎಂಟು ಗಂಟೆ ತಣಿವು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ಹಿಡಿದಿಟ್ಟ ಶಕ್ತಿಯಲ್ಲಿ ನೂರಕ್ಕೆ 80ರ ಆಚೆ ಬಳಸಿದರೆ ಫಲಕಗಳ ಮೇಲೆ ಗಟ್ಟಿ ಸಲ್ಫೇಟು ಕೂತು ಅದು ಅಕಾಲದಲ್ಲಿ ಮುಪ್ಪಾಗುತ್ತದೆ. ಆದ್ದರಿಂದ ಗೋದಾಮಿನಲ್ಲಿ ‘ಗ್ರ್ಯಾವಿಟಿ ನೋಡುವುದು’ ಎಂಬ ಹೊಸ ಕೆಲಸ ಹುಟ್ಟಿತು: ಗಾಜಿನ ಹೈಡ್ರೋಮೀಟರಿನಿಂದ ಕೋಶದ ದ್ರವವನ್ನು ಹೀರಿ ಅದರ ಸಾಂದ್ರತೆಯನ್ನು ಓದಬೇಕು, ತುಂಬಿದ ಕೋಶದಲ್ಲಿ ಅದು ಸುಮಾರು 1.28, ದಣಿದ ಕೋಶದಲ್ಲಿ 1.14ರ ಹತ್ತಿರ. ಡಿಸ್ಟಿಲ್ಡ್ ನೀರನ್ನು ಚಾರ್ಜು ಮುಗಿದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ದ್ರವ ಉಬ್ಬಿ ಆಮ್ಲ ಹೊರಚೆಲ್ಲುತ್ತದೆ. ಚಾರ್ಜಿನ ಕೊನೆಗೆ ಹೊಮ್ಮುವ ಜಲಜನಕ ಗಾಳಿಯಲ್ಲಿ ನೂರಕ್ಕೆ 4ರಷ್ಟಾದರೆ ಕಿಡಿ ತಾಗಿ ಸಿಡಿಯಬಲ್ಲುದರಿಂದ ಕೋಣೆಗೆ ಮೇಲ್ಗಿಂಡಿ ಬೇಕು, ಒಳಗೆ ಬೀಡಿ ಕೂಡದು. ಬೊಗಸೆ ಬಾವಿನೀರನ್ನೇ ಸುರಿದು ಕೋಶ ಕೆಡಿಸಿಕೊಂಡ ಗೋದಾಮುಗಳು ಇದನ್ನೆಲ್ಲ ನಷ್ಟದಿಂದಲೇ ಕಲಿತವು. ಬೇಸಿಗೆಯಲ್ಲಿ ಹೊರಗಿನ ತಾಪವೇ 40 ಡಿಗ್ರಿ ಮುಟ್ಟುವ ಈ ಬಯಲಲ್ಲಿ ಹಗಲಿನ ಚಾರ್ಜು ಕೋಶವನ್ನು ಬೇಯಿಸುತ್ತಿತ್ತು, ಹೀಗಾಗಿ ಆ ಕೆಲಸ ರಾತ್ರಿಗೆ ಸರಿಯಿತು. ರಾತ್ರಿ ಕರೆಂಟು ಹೋದರೆ ಬೆಳಗಿನ ಲಾರಿಗೆ ಗಾಡಿ ಸಿಗುತ್ತಿರಲಿಲ್ಲ, ಮತ್ತೆ ಹಮಾಲರಿಗೇ ಕರೆ ಹೋಗುತ್ತಿತ್ತು. ಕಬ್ಬಿನ ಸಿಪ್ಪೆ ಉರಿಸಿ ತಾವೇ ವಿದ್ಯುತ್ತು ಮಾಡಿಕೊಳ್ಳುವ ಸಕ್ಕರೆ ಕಾರ್ಖಾನೆಗಳಿಗೆ ನುರಿಸುವ ಹಂಗಾಮಿನಲ್ಲಿ ಈ ಚಿಂತೆಯಿಲ್ಲ, ಊರ ಗೋದಾಮುಗಳಿಗೆ ಅದೇ ದೊಡ್ಡ ಚಿಂತೆ. ಯಂತ್ರವೊಂದಕ್ಕೆ ದಿನದ ಮೂರರಲ್ಲಿ ಎರಡು ಪಾಲು ವಿಶ್ರಾಂತಿ ಕೊಡಲೇಬೇಕೆಂಬ ಕಟ್ಟಳೆಯನ್ನು ಹಮಾಲರು ಕೌತುಕದಿಂದ ಕಂಡರೆಂಬುದು ಆ ಕಾಲವನ್ನು ಕಂಡವರ ನೆನಪು.

ಬ್ಯಾಟರಿಯಲ್ಲಿ ಕೂಡಿಟ್ಟ ಶಕ್ತಿಯನ್ನು ಅಳತೆಯಿಂದ ಮೋಟಾರಿಗೆ ಬಿಡುವುದು ನಿಯಂತ್ರಣ ವ್ಯವಸ್ಥೆಯ ಕೆಲಸ, ಈ ಕಸುಬಿನ ಒಳಗಿನ ಪಲ್ಲಟವೆಲ್ಲ ನಡೆದದ್ದು ಅಲ್ಲಿಯೇ. ದೊಡ್ಡ ನಗರಗಳ ಕಾರ್ಖಾನೆಗಳಲ್ಲಿ ದುಡಿದು ಹಳತಾದ ಗಾಡಿಗಳೂ ಹೊಸವೂ ಒಟ್ಟಿಗೇ ಬರುತ್ತಿದ್ದುದರಿಂದ, ಹಲವು ತಲೆಮಾರಿನ ತಂತ್ರಗಳು ಈ ಸೀಮೆಯಲ್ಲಿ ಅಕ್ಕಪಕ್ಕ ಕಾಣಸಿಗುತ್ತಿದ್ದವು. ಅತಿ ಹಳೆಯದು ರೆಸಿಸ್ಟರಿನ ಪದ್ಧತಿ: ಪೆಡಲ್ ಒತ್ತಿದಂತೆ ‘ಕಾಂಟ್ಯಾಕ್ಟರ್’ ಎಂಬ ಭಾರಿ ಸ್ವಿಚ್ಚುಗಳು ಒಂದೊಂದಾಗಿ ಬಿದ್ದು, ದಾರಿಗಡ್ಡವಾದ ರೋಧಕ ತಂತಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತಿದ್ದವು, ನಿಧಾನವಾಗಿ ಓಡಿಸಿದಷ್ಟೂ ಹೆಚ್ಚು ಶಕ್ತಿ ಆ ತಂತಿಗಳಲ್ಲಿ ಬಿಸಿಯಾಗಿ ಹಾಳಾಗುತ್ತಿತ್ತು. ನಂತರದ್ದು ಥೈರಿಸ್ಟರ್, ಜನರಲ್ ಎಲೆಕ್ಟ್ರಿಕ್ ಕಂಪನಿಯ ಇವಿ-1 ಮಾದರಿ ಇದರಲ್ಲಿ ಹೆಸರಾದದ್ದು. ಇದು ವಿದ್ಯುತ್ತನ್ನು ಅಡ್ಡಗಟ್ಟುವ ಬದಲು ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚಿ ಸರಾಸರಿಯನ್ನು ಹೊಂದಿಸುವ ಪದ್ಧತಿ. ನಾಲೆಯ ತೂಬನ್ನು ಅರ್ಧ ತೆರೆದಿಡುವ ಬದಲು ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತ ಹೊಲಕ್ಕೆ ಬೇಕಾದಷ್ಟೇ ನೀರು ಹಾಯಿಸಿದ ಹಾಗೆ ಇದು. ಒಮ್ಮೆ ತೆರೆದ ಥೈರಿಸ್ಟರ್ ಏಕಮುಖ ವಿದ್ಯುತ್ತಿನಲ್ಲಿ ತಾನಾಗಿ ಮುಚ್ಚಿಕೊಳ್ಳದು, ಅದನ್ನು ಮುಚ್ಚಿಸಲು ದೊಡ್ಡ ಕೆಪ್ಯಾಸಿಟರು ಬೇಕು. ನಡೆಯುವಾಗ ಅದರಿಂದ ಏಳುತ್ತಿದ್ದ ಗುಂಯ್‌ಗುಡುವ ದನಿಯನ್ನು ಕೇಳಿಯೇ ಮಿಸ್ತ್ರಿಗಳು ಗಾಡಿಯ ಆರೋಗ್ಯ ಹೇಳುತ್ತಿದ್ದರು. ಆಮೇಲೆ ಬಂದ ಮಾಸ್ಫೆಟ್ ನಿಯಂತ್ರಕಗಳು ಸೆಕೆಂಡಿಗೆ ಹದಿನೈದು ಸಾವಿರದಷ್ಟು ಸಲ ತೆರೆದು ಮುಚ್ಚುವುದರಿಂದ ಆ ದನಿ ಕಿವಿಯ ಅಳವಿನಂಚಿಗೆ ಸರಿದು, ಕೇಳಿ ತಿಳಿಯುವ ವಿದ್ಯೆಯೇ ನಿಂತುಹೋಯಿತು.

ರಿಪೇರಿಯ ಕಥೆ ಇಲ್ಲಿ ವಿಚಿತ್ರ ತಿರುವು ಪಡೆಯಿತು. ಕೃಷ್ಣೆಯ ನೀರೆತ್ತುವ ಪಂಪುಗಳಿಂದಾಗಿ ಅಥಣಿ, ಕುಡಚಿ, ಉಗಾರಗಳಲ್ಲಿ ಸುಟ್ಟ ಮೋಟಾರುಗಳನ್ನು ಮತ್ತೆ ಸುತ್ತುವ ವೈಂಡಿಂಗ್ ಅಂಗಡಿಗಳು ಮೊದಲಿನಿಂದಲೂ ಇದ್ದವು. ಆದರೆ ಪಂಪಿನದು ಮೂರು ಫೇಸಿನ ಇಂಡಕ್ಷನ್ ಮೋಟಾರು, ಹಳೆಯ ಟ್ರಕ್ಕಿನದು ಕಾರ್ಬನ್ ಬ್ರಷ್ಷಿನ ಡಿಸಿ ಮೋಟಾರು. ಅಂಗಡಿಯವರು ಈ ಹೊಸ ಪರಿಚಯವನ್ನು ಕಷ್ಟದಿಂದ ಸಾಧಿಸಿದರು: ಕರಕಲಾದ ಕಾಂಟ್ಯಾಕ್ಟರಿನ ತುದಿಯನ್ನು ಅರದಿಂದ ಉಜ್ಜುವುದು, ಸವೆದ ಬ್ರಷ್ ಬದಲಿಸುವುದು, ಕಮ್ಯುಟೇಟರನ್ನು ಲೇಥಿಗೆ ಹಾಕಿ ಸಾಣೆಹಿಡಿಯುವುದು ಅವರಿಗೆ ಕರಗತವಾಯಿತು, ಮೀರಿದ್ದಕ್ಕೆ ಮೀರಜ, ಕೊಲ್ಹಾಪುರಗಳ ದಾರಿಯಿತ್ತು. ಅಷ್ಟರಲ್ಲಿ ಜಗತ್ತಿನ ತಯಾರಕರು 1990ರ ದಶಕದಿಂದ ಎಸಿ ಮೋಟಾರಿಗೆ ಹೊರಳಿದರು. ಬ್ರಷ್ಷಿಲ್ಲದ, ಇಳಿಜಾರಿನಲ್ಲಿ ಮತ್ತು ಬ್ರೇಕಿನಲ್ಲಿ ಶಕ್ತಿಯನ್ನು ಬ್ಯಾಟರಿಗೇ ಮರಳಿಸಬಲ್ಲ ಆ ಮೋಟಾರು ಬಿಚ್ಚಿ ನೋಡಿದರೆ ಪಂಪಿನ ಮೋಟಾರಿನ ಸೋದರನೇ ಆಗಿತ್ತು. ಸುತ್ತುವ ಕೈಗಳಿಗೆ ಅದು ತವರಿನಷ್ಟು ಪರಿಚಿತ. ಅಪರಿಚಿತವಾಗಿದ್ದುದು ಬ್ಯಾಟರಿಗೂ ಅದಕ್ಕೂ ನಡುವೆ ಕೂತ ‘ಇನ್ವರ್ಟರ್’, ಎಂದರೆ ಏಕಮುಖ ವಿದ್ಯುತ್ತನ್ನು ಮೂರು ಫೇಸಿಗೆ ಬದಲಿಸುವ ಅಂಟು ತುಂಬಿದ ಪೆಟ್ಟಿಗೆ. ಅದು ಕೆಟ್ಟಾಗ ಪರದೆಯ ಮೇಲೆ ಸಂಕೇತ ಸಂಖ್ಯೆ ತೋರಿಸುತ್ತದೆ, ಆ ಸಂಖ್ಯೆಯನ್ನು ಓದಿ ಅಳಿಸುವ ಸಾಧನ ಕಂಪನಿಯ ಇಂಜಿನಿಯರನ ಚೀಲದಲ್ಲಿರುತ್ತದೆ. ಹೀಗೆ ಮೋಟಾರು ಊರಿಗೆ ಮರಳಿತು, ಅದರ ಬುದ್ಧಿ ಊರು ಬಿಟ್ಟಿತು.

ಈಚಿನ ಹಂತ ಲಿಥಿಯಂ ಐರನ್ ಫಾಸ್ಫೇಟಿನದು. ಇದರ ಕೋಶ 3.2 ವೋಲ್ಟಿನದಾದ್ದರಿಂದ 15 ಅಥವಾ 16 ಕೋಶಗಳೇ ಸಾಕು. ನೀರು ಹಾಕಬೇಕಿಲ್ಲ, ಗ್ರ್ಯಾವಿಟಿ ನೋಡಬೇಕಿಲ್ಲ, ಚಾರ್ಜಿಗೆ ಪ್ರತ್ಯೇಕ ಕೋಣೆಯೂ ಬೇಕಿಲ್ಲ, ಪ್ರತಿ ಕೋಶದ ವೋಲ್ಟೇಜನ್ನೂ ತಾಪವನ್ನೂ ಬಿಎಂಎಸ್ ಎಂಬ ಕಾವಲು ಮಂಡಲ ತಾನೇ ಗಮನಿಸುತ್ತದೆ. ಈ ಬ್ಯಾಟರಿ ಎಷ್ಟು ಹಗುರವೆಂದರೆ, ಸೀಸದ ಜಾಗಕ್ಕೆ ಅದನ್ನು ಕೂಡಿಸುವಾಗ ಎದುರುತೂಕಕ್ಕಾಗಿ ಕಬ್ಬಿಣದ ಗಟ್ಟಿಗಳನ್ನು ಬೇರೆಯಾಗಿ ತುಂಬಬೇಕಾಗುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜು ಮಾಡುವುದು ಅದಕ್ಕೆ ಅಪಾಯಕರ, ದ್ರಾಕ್ಷಿಯ ಕೋಣೆಯಲ್ಲಿ ಅಂಥ ಚಳಿಯಿಲ್ಲ. ಅಲ್ಲಿ ಕಾಡುವುದು ಒಳಹೊರಗೆ ಓಡಾಡುವಾಗ ಕನೆಕ್ಟರುಗಳ ಮೇಲೆ ಹನಿಗಟ್ಟುವ ತೇವ. ಎಲ್ಲಕ್ಕಿಂತ ಮುಖ್ಯವಾಗಿ, ಚಹಾದ ಹೊತ್ತಿನ ಅರ್ಧ ಗಂಟೆಯಲ್ಲೂ ಅದಕ್ಕೆ ಚಾರ್ಜು ತುಂಬಬಹುದಾದ್ದರಿಂದ, ಎಂಟೆಂಟು ಗಂಟೆಯ ಆ ಹಳೆಯ ಕಟ್ಟಳೆ ಮುರಿಯಿತು. ಸೀಸದ ಬ್ಯಾಟರಿ ಪಡೆದುಕೊಂಡಿದ್ದ ಬಿಡುವು ಅದರ ದೌರ್ಬಲ್ಯದ ಫಲವಾಗಿತ್ತು, ದೌರ್ಬಲ್ಯ ನೀಗಿದೊಡನೆ ಬಿಡುವೂ ನೀಗಿತು. ಎರಡು ಪಾಳಿಗೆ ಎರಡು ಬ್ಯಾಟರಿ ಇಡುತ್ತಿದ್ದ ಕಡೆ ಈಗ ಒಂದೇ ಸಾಕು.

ಹಮಾಲರು ಇದರಿಂದ ಇಲ್ಲವಾಗಲಿಲ್ಲ. ಹಲಗೆಯೇರುವ ಬೆನ್ನಿನ ಕೆಲಸ ಗಾಡಿಯಿರುವ ಗೋದಾಮುಗಳಲ್ಲಿ ನಿಂತಿದೆ, ಚೀಲ ಹೊತ್ತವರ ಮಕ್ಕಳಲ್ಲಿ ಕೆಲವರು ಅದೇ ಗೋದಾಮಿನಲ್ಲಿ ಗಾಡಿಯ ಚಾಲಕರಾಗಿದ್ದಾರೆ. ಆದರೆ ಲಾರಿಗಳು ಈ ಸೀಮೆಗೆ ಬಹುಮಟ್ಟಿಗೆ ಪ್ಯಾಲೆಟ್ ಇಲ್ಲದೆ ಬಿಡಿ ಚೀಲ ಹೇರಿಕೊಂಡೇ ಬಂದು ಹೋಗುವುದರಿಂದ, ಲಾರಿಯ ಹಿಂಬಾಗಿಲಿಗೂ ಮರದ ಚೌಕಿಗೂ ನಡುವಿನ ಹತ್ತು ಹೆಜ್ಜೆ ಇನ್ನೂ ಮನುಷ್ಯನ ಹೆಗಲ ಮೇಲೆಯೇ ಇದೆ. ಪ್ರತಿ ಲಿಫ್ಟ್ ಟ್ರಕ್ಕಿನ ಮುಂದೆ ‘ಅವರ್ ಮೀಟರ್’ ಎಂಬ ಪುಟ್ಟ ಮಾಪಕವಿರುತ್ತದೆ. ಅದು ಗಾಡಿ ಹುಟ್ಟಿದ ದಿನದಿಂದ ದುಡಿದ ಪ್ರತಿ ಗಂಟೆಯನ್ನೂ ಎಣಿಸಿ, ಇಂತಿಷ್ಟು ಗಂಟೆಗೆ ಎಣ್ಣೆ, ಇಂತಿಷ್ಟು ಗಂಟೆಗೆ ತಪಾಸಣೆ ಎಂದು ಯಜಮಾನನನ್ನು ಎಚ್ಚರಿಸುತ್ತದೆ. ಆ ಹತ್ತು ಹೆಜ್ಜೆ ನಡೆಯುವವನ ಲೆಕ್ಕವನ್ನು ಹಮಾಲರ ಮುಖಂಡನಾದ ಮುಕಾದಮನ ವಹಿಯಲ್ಲಿ ಇಂದಿಗೂ ಚೀಲಗಳಲ್ಲೇ ಬರೆಯಲಾಗುತ್ತದೆ.