ಮೊದಲು ಕಾಲುದಾರಿ, ಆಮೇಲೆ ಕಂಬ

ವಿಜಯನಗರ ನಿಲ್ದಾಣದಲ್ಲಿ ಬೆಳಿಗ್ಗೆ ಮೆಟ್ರೊ ಹತ್ತುವ ಕಾಲೇಜು ಹುಡುಗರಿಗೆ ಕೆಂಗೇರಿ ಈಗ ದೂರದ ಊರಲ್ಲ. ಅತ್ತಿಗುಪ್ಪೆ, ದೀಪಾಂಜಲಿನಗರ ದಾಟಿದ ರೈಲು ಮೈಸೂರು ರಸ್ತೆಗೆ ಹೊರಳುತ್ತದೆ. ಕೆಳಗೆ ಬಸ್ಸು, ಲಾರಿ, ಆಟೊಗಳ ಸಾಲು. ಪಕ್ಕದಲ್ಲಿ ಕಪ್ಪಗೆ ಹರಿಯುವ ವೃಷಭಾವತಿ. ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ ಒಂದೊಂದಾಗಿ ಹಿಂದೆ ಸರಿಯುತ್ತವೆ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗಿನ ಹಾದಿ 2015ರ ನವೆಂಬರ್‌ನಲ್ಲಿ ತೆರೆಯಿತು. ಅಲ್ಲಿಂದ ಕೆಂಗೇರಿವರೆಗಿನ ಸುಮಾರು ಏಳೂವರೆ ಕಿಲೋಮೀಟರ್ 2021ರ ಆಗಸ್ಟ್‌ನಲ್ಲಿ, ಚಲ್ಲಘಟ್ಟದ ತುದಿ 2023ರ ಅಕ್ಟೋಬರ್‌ನಲ್ಲಿ ಸೇರಿಕೊಂಡವು.

ಕಿಟಕಿಯಿಂದ ಕಾಣದ ಸಂಗತಿಯೊಂದಿದೆ. ಈ ಕಂಬಗಳು ಏಳುವಾಗ ಕೆಳಗಿನ ರಸ್ತೆಗೆ ಬಿಡುವಿರಲಿಲ್ಲ. ಮೈಸೂರಿನ ಬಸ್ಸುಗಳು ಓಡುತ್ತಲೇ ಇದ್ದವು, ಮಕ್ಕಳು ಶಾಲೆಗೆ ಹೋಗುತ್ತಲೇ ಇದ್ದರು. ರಸ್ತೆಯ ನಡುವೆ ಬೇಲಿ ಹಾಕಿ, ಅದರೊಳಗೆ ಅಗೆದು, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಸುರಿಯಬೇಕಿತ್ತು. ಬೇರೆಡೆ ಎರಕ ಹೊಯ್ದ ಭಾರಿ ತುಂಡುಗಳು ಉದ್ದನೆಯ ಟ್ರೇಲರ್‌ಗಳ ಮೇಲೆ ರಾತ್ರಿ ಬರುತ್ತಿದ್ದವು. ಊರು ಮಲಗಿದಾಗ ಕಾಮಗಾರಿ ಎಚ್ಚರವಾಗುತ್ತಿತ್ತು.

ಬೇಲಿಯ ಒಳಗೆ

ಇಂಥ ಜಾಗದಲ್ಲಿ ಕಂಬದ ನಕ್ಷೆಯಷ್ಟೇ ಮುಖ್ಯವಾದದ್ದು ಓಡಾಟದ ನಕ್ಷೆ. ಅದರ ಮೊದಲ ಪಾಠ ಸರಳ: ಮನುಷ್ಯರ ದಾರಿ ಬೇರೆ, ವಾಹನದ ದಾರಿ ಬೇರೆ. ನಡುವೆ ಬರೀ ಸುಣ್ಣದ ಗೆರೆ ಇದ್ದರೆ ಸಾಲದು, ಗಟ್ಟಿ ತಡೆ ಬೇಕು.

ಎರಡನೆಯದು, ಲಾರಿ ಹಿಂದಕ್ಕೆ ಚಲಿಸುವ ಸಂದರ್ಭವನ್ನೇ ಕಡಿಮೆ ಮಾಡುವುದು. ಎತ್ತರದಲ್ಲಿ ಕುಳಿತ ಟಿಪ್ಪರ್ ಚಾಲಕನಿಗೆ ಹಿಂಬದಿಯಲ್ಲಿ ನಿಂತವರೂ ಕಾಣುವುದಿಲ್ಲ, ಎಡಗಡೆ ಮುಂಚಕ್ರದ ಪಕ್ಕದಲ್ಲಿ ಬಗ್ಗಿದವರೂ ಕಾಣುವುದಿಲ್ಲ. ಒಂದು ಗೇಟಿನಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುವಂತಿದ್ದರೆ ಆ ಅಪಾಯವೇ ಇಲ್ಲ. ಜಾಗವಿಲ್ಲದ ಕಡೆ ಸನ್ನೆ ಮಾಡಲು ತರಬೇತಿ ಪಡೆದ ಒಬ್ಬನೇ ಒಬ್ಬ ನಿಲ್ಲಬೇಕು. ಕನ್ನಡಿಯಲ್ಲಿ ಅವನು ಮರೆಯಾದ ಕ್ಷಣ ಚಾಲಕ ಬ್ರೇಕ್ ಒತ್ತಬೇಕು. ನಾಲ್ಕು ಜನ ನಾಲ್ಕು ದಿಕ್ಕಿನಿಂದ 'ಬಾ, ಬಾ' ಎಂದು ಕೂಗುವುದು ಸಹಾಯವಲ್ಲ.

ಹಳ್ಳದ ಅಂಚಿನಲ್ಲಿ ಚಕ್ರ ತಡೆಯಲು ದಿಮ್ಮಿ, ಯಂತ್ರದ ತೋಳು ತಿರುಗುವಷ್ಟು ಜಾಗಕ್ಕೆ ಬೇಲಿ, ರಾತ್ರಿ ಕೆಲಸಕ್ಕೆ ಸಾಕಷ್ಟು ಬೆಳಕು ಇವೆಲ್ಲ ಇದರ ಭಾಗಗಳೇ. ನಕ್ಷೆ ಒಮ್ಮೆ ಬರೆದರೆ ಮುಗಿಯಿತೆಂದಲ್ಲ. ನಿನ್ನೆಯ ದಾರಿ ಇಂದು ಗುಂಡಿಯಾಗಿರುತ್ತದೆ. ರಾಯಚೂರಿನವರು, ಆಂಧ್ರದವರು, ಬಿಹಾರದವರು ಒಟ್ಟಿಗೆ ದುಡಿಯುವಲ್ಲಿ ಬರಹಕ್ಕಿಂತ ಚಿತ್ರದ ಫಲಕ ಹೆಚ್ಚು ಮಾತಾಡುತ್ತದೆ. ಹೊಳೆಯುವ ಜಾಕೆಟ್ಟೂ ಹೆಲ್ಮೆಟ್ಟೂ ಬೇಕೇ ಬೇಕು. ಆದರೆ ಅವು ಕೊನೆಯ ರಕ್ಷಣೆ, ಮೊದಲನೆಯದಲ್ಲ.

ಮನೆಯ ಮುಂದಿನ ರಸ್ತೆ

ದೊಡ್ಡ ಕಾಮಗಾರಿಗೆ ಎಂಜಿನಿಯರು, ಕಾವಲು, ಬೇಲಿ ಇರುತ್ತವೆ. ರಾಜಾಜಿನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಮೂರು ಮಹಡಿ ಎಬ್ಬಿಸುವಾಗ ಇರುವುದು ಮೇಸ್ತ್ರಿ ಮಾತ್ರ. ನಿವೇಶನದ ತುಂಬ ಪಾಯ. ಹಾಗಾಗಿ ಜಲ್ಲಿ, ಮರಳು, ಕಬ್ಬಿಣಕ್ಕೆಲ್ಲ ರಸ್ತೆಯೇ ಅಂಗಳ. ಶಾಲೆಗೆ ಹೊರಟ ಮಗು ಮರಳ ಗುಡ್ಡೆ ಸುತ್ತಿ ನಡುರಸ್ತೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಕಾಂಕ್ರೀಟ್ ಲಾರಿ ಹಿಂದಕ್ಕೆ ಬರುತ್ತದೆ. ಬಾಂಡ್ಲಿ ಹೊರುವ ತಾಯಿಯ ಕೂಸು ಅದೇ ಮರಳಿನ ಮೇಲೆ ಮಲಗಿರುತ್ತದೆ.

ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾನೂನು ಹೇಳಿತ್ತು. ಇಬ್ಬರೇ ಹೆಂಗಸರು ದುಡಿಯುವ ಮನೆಯ ಕೆಲಸಕ್ಕೆ ಅದು ತಲುಪಲಿಲ್ಲ. ಅಲ್ಲಿ ಮಾಲೀಕನ ಮನಸ್ಸೇ ಕಾನೂನು. ಜಲ್ಲಿ ಲಾರಿಯನ್ನು ಶಾಲೆಯ ಗಂಟೆ ಕಳೆದ ಮೇಲೆ ಕರೆಸುವುದು, ಗುಡ್ಡೆಯ ಪಕ್ಕ ಹಗ್ಗ ಕಟ್ಟಿ ನಾಲ್ಕಡಿ ಕಾಲುದಾರಿ ಬಿಡುವುದು, ಮೋಲ್ಡ್ ಹಾಕುವ ದಿನ ರಸ್ತೆಯ ಎರಡೂ ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸುವುದು. ಇವಕ್ಕೆ ಖರ್ಚು ಹೆಚ್ಚಿಲ್ಲ.

ಮತ್ತೆ ಬರುವ ಬೇಲಿ

2023ರ ಜನವರಿ 10ರಂದು ನಾಗವಾರದ ಬಳಿ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ಉರುಳಿತು. ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಅವರು ಕಾಮಗಾರಿಯ ಒಳಗೆ ಕಾಲಿಟ್ಟವರಲ್ಲ, ಬರೀ ದಾರಿಹೋಕರು. ನಿಂತ ವಸ್ತು ಎಷ್ಟು ಎತ್ತರವೋ ಅಷ್ಟು ದೂರ ಬೀಳಬಲ್ಲದು. ಬೇಲಿಯ ಅಳತೆಗೆ ಆ ಲೆಕ್ಕ ಬೇಕು.

ಈ ಮಾತು ಪಶ್ಚಿಮ ಬೆಂಗಳೂರಿಗೆ ಹತ್ತಿರದ್ದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊ ಮೂರನೇ ಹಂತದ ಉದ್ದ 44.65 ಕಿಲೋಮೀಟರ್. ಅದರ ಒಂದು ಕವಲು ಹೊಸಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಕಡಬಗೆರೆಗೆ ಹೋಗುವಂಥದ್ದು. ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ ಎಲ್ಲವೂ ಶಾಲೆ, ಸಣ್ಣ ಕಾರ್ಖಾನೆ, ಸಂತೆಯಂಥ ಜನಸಂದಣಿಯ ಜಾಗಗಳು.

ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳು ಅಲ್ಲಿಗೆ ಹೋದರೆ ಕ್ರೇನಿನ ಎತ್ತರ ನೋಡುವ ಮೊದಲು ಬೇಲಿಯ ಬುಡ ನೋಡಲಿ. ನಡೆಯುವವನಿಗೆ ದಾರಿ ಎಲ್ಲಿದೆ? ಲಾರಿ ತಿರುಗುವುದು ಎಲ್ಲಿ? ಸಂಜೆ ದಣಿದ ಕೆಲಸಗಾರ ಶೆಡ್ಡಿಗೆ ಯಾವ ಕಡೆಯಿಂದ ಮರಳುತ್ತಾನೆ? ಮಗುವಿನ ಕೈ ಹಿಡಿದು ಅದೇ ರಸ್ತೆ ದಾಟುವ ತಂದೆ ತಾಯಿಯೂ ಈ ಪ್ರಶ್ನೆಗಳನ್ನು ಕೇಳಬಹುದು. ಕೇಳುವವರಿದ್ದರೆ ಉತ್ತರ ಕಾಗದದಿಂದ ಇಳಿದು ನೆಲಕ್ಕೆ ಬರುತ್ತದೆ.