ಕಡಿತದ ಲೆಕ್ಕ

ಈ ಸಂಚಿಕೆಗಾಗಿ ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಹೋದ್ಯೋಗಿಗಳು ಕೇಳಿದರು. ನಾವಾದರೋ ನಮ್ಮದೇ ಒಂದು ತಪ್ಪನ್ನು ಕುರಿತು ಬರೆಯುವುದು ಹೆಚ್ಚು ಪ್ರಯೋಜನಕರವೆಂದು ಭಾವಿಸಿದ್ದೇವೆ.

ಬಾಲಕಿಯರ ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳಲ್ಲಿ ನಾವು ಆಗಾಗ ನಿರ್ಣಾಯಕರಾಗಿ ಕುಳಿತುಕೊಳ್ಳುವುದುಂಟು. 2006ರಿಂದ ಈಚೆಗೆ ಅಂತರರಾಷ್ಟ್ರೀಯ ನಿಯಮದಂತೆ ಕಸರತ್ತಿನ ಕಠಿಣತೆಗೆ ಒಂದು ಅಂಕ, ನಿರ್ವಹಣೆಗೆ ಇನ್ನೊಂದು ಅಂಕ. ನಿರ್ವಹಣೆಯ ಅಂಕವು 10ರಿಂದ ಆರಂಭವಾಗಿ ದೋಷ ದೋಷಕ್ಕೂ ಇಳಿಯುತ್ತದೆ: ಅಲ್ಪ ದೋಷಕ್ಕೆ 0.10, ಮಧ್ಯಮಕ್ಕೆ 0.30, ದೊಡ್ಡದಕ್ಕೆ 0.50, ಬಿದ್ದರೆ 1.00. ಹಿಂದೆ ನಾವು ಇವನ್ನು ಕಾಗದದ ಮೇಲೆ ಗುರುತಿಸುತ್ತಿದ್ದೆವು. ಕಣ್ಣು ಮಗುವಿನ ಮೇಲೆಯೇ ಇರುತ್ತಿತ್ತು. ಕೈ ತಾನಾಗಿ ಬರೆಯುತ್ತಿತ್ತು. ಈಗಲಾದರೋ ಮುಂದೆ ಟ್ಯಾಬ್ಲೆಟನ್ನು ಇಡುತ್ತಾರೆ. ನಾವು ಗುಂಡಿಯನ್ನು ಒತ್ತಿದರೆ ಸಾಕು, ಕೂಡಿ ಕಳೆಯುವ ಕೆಲಸವನ್ನು ಸಾಫ್ಟ್‌ವೇರೇ ಮಾಡುತ್ತದೆ.

ಕೆಲವು ವರ್ಷಗಳ ಕೆಳಗೆ ಒಂದು ಅಂತರಶಾಲಾ ಕೂಟದಲ್ಲಿ ನಾವು ಬೀಮಿನ ಬಳಿ ಕುಳಿತಿದ್ದೆವು. ಆ ದಿಮ್ಮಿಯ ಅಗಲ 10 ಸೆಂಟಿಮೀಟರು ಮಾತ್ರ. ನಮ್ಮ ಶಾಲೆಯ ಹುಡುಗಿ ಆಗಲೇ ತನ್ನ ಸರದಿ ಮುಗಿಸಿ ಮೂರನೆಯ ಸ್ಥಾನದಲ್ಲಿದ್ದಳು. ಅನಂತರ ಬೇರೆ ಶಾಲೆಯ ಸಣಕಲು ಹುಡುಗಿಯೊಬ್ಬಳು ಏರಿದಳು. ತಿರುಗುವಾಗ ಅವಳ ತೋಳು ತುಸು ಅಲುಗಿತು, 0.10 ಎಂದು ಮನಸ್ಸು ಹೇಳಿತು. ಬೆರಳು 0.50ನ್ನು ಒತ್ತಿತು. ಮುಗಿದೊಡನೆ ಅಂಕವನ್ನು ಕಳುಹಿಸಿಬಿಟ್ಟೆವು. ಅವಳ ಹೆಸರು ನಾಲ್ಕನೆಯದಾಗಿ, ನಮ್ಮ ಹುಡುಗಿಗಿಂತ 0.05 ಕೆಳಗೆ ಕಾಣಿಸಿತು. ಆಮೇಲೆ ಪಟ್ಟಿಯನ್ನು ನೋಡಲಾಗಿ ನಮ್ಮ ಎದೆ ಧಸಕ್ಕೆಂದಿತು.

ನಾಲ್ವರು ನಿರ್ಣಾಯಕರಲ್ಲಿ ಅತಿ ಹೆಚ್ಚಿನ ಮತ್ತು ಅತಿ ಕಡಮೆಯ ಅಂಕಗಳನ್ನು ಬಿಟ್ಟು ನಡುವಿನ ಎರಡರ ಸರಾಸರಿಯನ್ನು ಹಿಡಿಯುವುದು ಅಂದಿನ ಪದ್ಧತಿ. ಒಬ್ಬರ ತಪ್ಪು ಇದರಿಂದ ತೊಳೆದುಹೋಗುವುದೆಂದು ನಾವು ಬಹುಕಾಲ ನಂಬಿದ್ದೆವು. ಉಳಿದ ಮೂವರ ಅಂಕಗಳು 7.7, 7.9, 8.0. ನಮ್ಮದು 8.1 ಆಗಬೇಕಾದದ್ದು 7.7 ಆಗಿತ್ತು. ಆದಕಾರಣ 7.95 ದೊರೆಯಬೇಕಾದ ಮಗುವಿಗೆ 7.80 ದೊರೆಯಿತು. ಯಂತ್ರವು ಲೆಕ್ಕದಲ್ಲಿ ತಪ್ಪಲಿಲ್ಲ. ನಾವು ಕೊಟ್ಟ ಸುಳ್ಳನ್ನೇ ಅದು ಸರಿಯಾಗಿ ಕೂಡಿತು.

0.15 ಎಷ್ಟರದೆಂದು ಕೇಳಬಹುದು. 2016ರಲ್ಲಿ ರಿಯೋ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ ತ್ರಿಪುರದ ದೀಪಾ ಕರ್ಮಾಕರ್ ಅವರಿಗೆ 15.066 ಅಂಕ ಬಂದಿತು. ಮೂರನೆಯವರಾದ ಸ್ವಿಟ್ಸರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರಿಗೆ 15.216. ಪದಕಕ್ಕೂ ನಾಲ್ಕನೆಯ ಸ್ಥಾನಕ್ಕೂ ನಡುವೆ ಇದ್ದದ್ದು ಅಷ್ಟೇ 0.15.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಮ್ಮ ಶಾಲೆಗೆ ಪದಕವೂ ಬರುತ್ತಿತ್ತು. ಈ ಯೋಚನೆ ನಮಗೆ ಬರಲಿಲ್ಲವೆಂದು ಹೇಳಿದರೆ ಅದು ಎರಡನೆಯ ಸುಳ್ಳಾದೀತು. ಎದ್ದು ಹೋಗಿ ಮುಖ್ಯ ನಿರ್ಣಾಯಕರಿಗೆ ಅರಿಕೆ ಮಾಡಿದೆವು. ಅಂಕವು ತಿದ್ದಲ್ಪಟ್ಟಿತು, ನಮ್ಮ ಹುಡುಗಿ ನಾಲ್ಕನೆಯವಳಾದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತನ್ನ ಎದೆಯ ಸಂಖ್ಯೆಯ ಚೀಟಿಯನ್ನು ಮಗುಚಿ, ನಾಲ್ಕು ಅಂಕಗಳನ್ನೂ ನಮ್ಮಿಂದ ಕೇಳಿ ಬರೆದುಕೊಂಡು, ತಾನೇ ಲೆಕ್ಕ ಮಾಡಿದಳು. "ಸರಿಯಾಗಿದೆ, ಮೇಡಂ" ಎಂದಳು. ಮರುದಿನ ಅವಳ ತಾಯಿ ಬಂದು ಕಣ್ಣೀರಿಟ್ಟರು. ಅವರಿಗೆ ಹೇಳಲು ನಮ್ಮಲ್ಲಿ ಒಳ್ಳೆಯ ಮಾತೊಂದೂ ಇರಲಿಲ್ಲ.

ನಮ್ಮ ಶಾಲೆಯಲ್ಲಿಯೂ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿಗೇ ಏರಿಸುತ್ತೇವೆ. ಅಂದಿನಿಂದ ಒಬ್ಬ ಉಪಾಧ್ಯಾಯಿನಿಯು ಉತ್ತರಪತ್ರಿಕೆಯಿಂದ ಅಂಕವನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ತೆರೆಯ ಮೇಲೆ ಒಪ್ಪನೋಡಿದ ಹೊರತು ನಾವು ರುಜು ಮಾಡುವುದಿಲ್ಲ. ಪ್ರಗತಿಪತ್ರಗಳು ಎರಡು ದಿನ ತಡವಾಗುತ್ತವೆಂದು ದೂರಿರುವ ಪೋಷಕ ಮಹಾಶಯರು ಇದನ್ನೇ ಕಾರಣವೆಂದು ತಿಳಿದು ಕ್ಷಮಿಸಬೇಕಾಗಿ ವಿನಂತಿಸುತ್ತೇವೆ.